ಅಟ್ಟದ ಕ್ಯಾಸೆಟ್ಟಿನಲ್ಲಿರುವ ತಾಳಮದ್ದಳೆಯನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳ ಅಟ್ಟದಲ್ಲಿ ಇಂದಿಗೂ ಒಂದು ತಗಡಿನ ಡಬ್ಬಿಯೋ ರಟ್ಟಿನ ಪೆಟ್ಟಿಗೆಯೋ ಇರುತ್ತದೆ. ಮನೆಯ ಜಗಲಿಯಲ್ಲಿ ಅಥವಾ ದೇವಸ್ಥಾನದ ಚಾವಡಿಯಲ್ಲಿ 1980-90ರ ದಶಕಗಳಲ್ಲಿ ನಡೆದ ತಾಳಮದ್ದಳೆಗಳನ್ನು (ವೇಷ, ಕುಣಿತಗಳಿಲ್ಲದೆ ಭಾಗವತರ ಹಾಡು ಮತ್ತು ಪಾತ್ರಗಳ ಮಾತನಾಡುವ ಅರ್ಥಧಾರಿಗಳ ಸಂವಾದದಲ್ಲೇ ನಡೆಯುವ ಯಕ್ಷಗಾನ) ಮನೆಮಂದಿಯೇ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್ಟುಗಳು ಅದರಲ್ಲಿರುತ್ತವೆ. ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್ಟು ಬೇರೆ ಯಾರಲ್ಲಾದರೂ ಸಿಕ್ಕೀತು. ಇವುಗಳಿಗೆ ಇನ್ನೊಂದು ಪ್ರತಿ ಇಲ್ಲ. ನಮ್ಮ ಮನೆಯ ಮೂವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ನನಗೆ ಮನದಟ್ಟಾದ ಸಂಗತಿಯೆಂದರೆ, ಧ್ವನಿಯ ಗುಣಮಟ್ಟ ನಿರ್ಧಾರವಾಗುವುದು ಕಂಪ್ಯೂಟರಿನಲ್ಲಲ್ಲ, ಅದಕ್ಕೂ ಮೊದಲು ಟೇಪ್ ರೆಕಾರ್ಡರಿನಲ್ಲಿ. ಆದ್ದರಿಂದ ಈ ಲೇಖನದ ಬಹುಪಾಲು ಹತ್ತಿ, ಸ್ಕ್ರೂಡ್ರೈವರ್ ಮತ್ತು ಪೆನ್ಸಿಲ್ಲಿಗೆ ಸಂಬಂಧಿಸಿದ್ದು.

ಮೊದಲು ಕ್ಯಾಸೆಟ್ಟು

ಪೆಟ್ಟಿಗೆ ತೆರೆದ ಕೂಡಲೇ ಮಾಡಬೇಕಾದ ಕೆಲಸ, ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಗಳಲ್ಲಿರುವ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದುಹಾಕುವುದು. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಒಳಗೆ ಹೋಗುವುದಿಲ್ಲ; ಕೈತಪ್ಪಿನಿಂದ ಹಳೆಯ ಧ್ವನಿ ಅಳಿಸಿಹೋಗುವ ಭಯವಿಲ್ಲ. ಮುರಿದ ಜಾಗದ ಮೇಲೆ ಯಾರಾದರೂ ಹಿಂದೆ ಅಂಟುಪಟ್ಟಿ ಹಚ್ಚಿದ್ದರೆ ಅದನ್ನೂ ಕಿತ್ತುಬಿಡಿ.

ಅನಂತರ ಕಿಟಕಿಯ ಬೆಳಕಿನಲ್ಲಿ ಹಿಡಿದು ಸುರುಳಿಯ ಅಂಚನ್ನು ನೋಡಿ. ನಮ್ಮ ಕಡೆಯ ಮಳೆಗಾಲ ಎಂಥದೆಂದು ಹೇಳಬೇಕಿಲ್ಲ. ಕಂದು ಸುರುಳಿಯ ಮೇಲೆ ಬಿಳಿಯ ಧೂಳಿನಂತಹ ಪದರ ಕಂಡರೆ ಅದು ಬೂಷ್ಟು. ಅಂಥದ್ದನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಬೂಷ್ಟು ಯಂತ್ರಕ್ಕೂ, ಅಲ್ಲಿಂದ ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅವನ್ನು ಪ್ರತ್ಯೇಕಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಟ್ಟು ಒಣಗಿಸಿ, ಕೊನೆಗೆ ಕೈಗೆತ್ತಿಕೊಳ್ಳುವುದು ಒಳ್ಳೆಯದು. ಬಿಸಿಲಿಗೆ ಮಾತ್ರ ಇಡಬೇಡಿ, ಪ್ಲಾಸ್ಟಿಕ್ ಹೊರಕವಚ ಸೊಟ್ಟಗಾಗುತ್ತದೆ.

ಚೆನ್ನಾಗಿರುವ ಕ್ಯಾಸೆಟ್ಟನ್ನೂ ನೇರವಾಗಿ ಪ್ಲೇ ಮಾಡಬಾರದು. ಆರು ಮೂಲೆಯ ಪೆನ್ಸಿಲ್ಲನ್ನು ಹಲ್ಲಿನ ತೂತಿಗೆ ತೂರಿಸಿ ನಾಲ್ಕಾರು ಸುತ್ತು ತಿರುಗಿಸಿ, ಸುರುಳಿ ಸಲೀಸಾಗಿ ತಿರುಗುತ್ತದೆಯೇ ನೋಡಿಕೊಳ್ಳಿ. ಬಳಿಕ ಯಂತ್ರದಲ್ಲಿ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಒಂದರ ಮೇಲೊಂದು ಒತ್ತಿಕೊಂಡಿದ್ದ ಪದರಗಳು ಇದರಿಂದ ಬಿಡಿಸಿಕೊಳ್ಳುತ್ತವೆ. ಭಾಗವತರು ಪದ ಎತ್ತುವ ಮುನ್ನವೇ ಅದೇ ಪದ ಬಹು ದೂರದಿಂದ ಕೇಳಿದಂತಾಗುವುದುಂಟು. ಅದು ಒಂದು ಪದರದ ಕಾಂತತ್ವ ಪಕ್ಕದ ಪದರಕ್ಕೆ ಅಂಟಿದ್ದರ ಫಲ. ಎರಡು ಮೂರು ಬಾರಿ ಓಡಿಸಿದರೆ ಅದೂ ತಕ್ಕಮಟ್ಟಿಗೆ ಇಳಿಯುತ್ತದೆ.

ಯಂತ್ರದ ಶುದ್ಧಿ

ಇಯರ್‌ಫೋನ್ ತೂತು ಇರುವ ಯಾವುದೇ ಟೇಪ್ ರೆಕಾರ್ಡರ್ ಆದೀತು, ಆದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲಾಗಿರಬಾರದು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಬೆಲ್ಟ್ ಸೋತಿದ್ದರೆ ಶ್ರುತಿಯೇ ಅಲುಗಾಡುತ್ತದೆ. ರೇಡಿಯೊ ರಿಪೇರಿ ಮಾಡುವವರಲ್ಲಿ ಬೆಲ್ಟ್ ಬದಲಾಯಿಸಿಕೊಳ್ಳಬಹುದು.

ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಟೇಪಿಗೆ ತಾಗಿ ಧ್ವನಿಯನ್ನು ಓದುವ ಹೆಡ್ಡನ್ನೂ ಅದರ ಪಕ್ಕದ ತೆಳ್ಳಗಿನ ಲೋಹದ ಕಡ್ಡಿಯನ್ನೂ ಒರೆಸಿ. ಹತ್ತಿಗೆ ಹತ್ತುವ ಕಂದು ಬಣ್ಣ ಹಳೆಯ ಟೇಪುಗಳಿಂದ ಉದುರಿದ ಕಬ್ಬಿಣದ ಆಕ್ಸೈಡ್. ಹತ್ತಿ ಬಿಳಿಯಾಗಿಯೇ ಹೊರಬರುವವರೆಗೂ ಒರೆಸಬೇಕು. ರಬ್ಬರಿನ ಗಾಲಿಗೆ ಒದ್ದೆ ಬಟ್ಟೆ ಸಾಕು.

ಒಂದು ತಿರುಪಿನ ಮಹಿಮೆ

ಇಷ್ಟಾದ ಮೇಲೂ ಕೆಲವು ಕ್ಯಾಸೆಟ್ಟುಗಳ ಧ್ವನಿ ಕಂಬಳಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಟೇಪು ಸವೆದಿದೆಯೆಂದೇ ನಾನು ಬಹಳ ದಿನ ತಿಳಿದಿದ್ದೆ. ನಿಜವಾದ ಕಾರಣ ಬೇರೆ. ಹೆಡ್ಡಿನಲ್ಲಿ ಬಹು ಸಣ್ಣದೊಂದು ಸೀಳು ಇರುತ್ತದೆ. ಮುದ್ರಿಸಿದ ಯಂತ್ರದಲ್ಲಿ ಆ ಸೀಳು ಯಾವ ಕೋನದಲ್ಲಿತ್ತೋ, ಓದುವ ಯಂತ್ರದಲ್ಲೂ ಅದೇ ಕೋನದಲ್ಲಿರಬೇಕು. ಕೂದಲೆಳೆಯಷ್ಟು ವಾಲಿದರೂ ತೀಕ್ಷ್ಣವಾದ ನಾದಗಳೆಲ್ಲ ಮೊದಲು ಮಾಯವಾಗುತ್ತವೆ.

ಹೆಡ್ಡಿನ ಎರಡು ಬದಿಯ ತಿರುಪುಗಳಲ್ಲಿ ಸ್ಪ್ರಿಂಗ್ ಇರುವುದೇ ಈ ಕೋನವನ್ನು ಹೊಂದಿಸುವ ತಿರುಪು. ಅನೇಕ ಯಂತ್ರಗಳಲ್ಲಿ, ಪ್ಲೇ ಒತ್ತಿದಾಗ ಇದು ಒಂದು ಸಣ್ಣ ರಂಧ್ರದ ನೇರಕ್ಕೆ ಬಂದು ನಿಲ್ಲುತ್ತದೆ. ತಿರುಪಿನ ಮೊದಲ ಸ್ಥಾನವನ್ನು ಕಾಗದದ ಮೇಲೆ ಗುರುತು ಮಾಡಿಕೊಂಡು, ಚೆಂಡೆ, ಚಕ್ರತಾಳಗಳಿರುವ ಒಂದು ಭಾಗವನ್ನು ನುಡಿಸುತ್ತಾ, ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿ. ಕಾಲು ಸುತ್ತನ್ನು ಮೀರುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಒಂದು ಹಂತದಲ್ಲಿ ಚಕ್ರತಾಳದ ಝಣಕಾರ ಥಟ್ಟನೆ ಬಿಚ್ಚಿಕೊಳ್ಳುತ್ತದೆ, ಅರ್ಥಧಾರಿಯ ಮಾತಿನಲ್ಲಿ ‘ಸ’ ಮತ್ತು ‘ಶ’ ಬೇರೆ ಬೇರೆಯಾಗಿ ಕೇಳತೊಡಗುತ್ತವೆ. ಅಲ್ಲಿಗೆ ನಿಲ್ಲಿಸಿ. ಬೇರೆ ಬೇರೆ ಯಂತ್ರಗಳಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳಿಗೆ ಪ್ರತಿ ಬಾರಿಯೂ ಹೀಗೆ ಹೊಂದಿಸಬೇಕಾದೀತು. ಬೇಸರದ ಕೆಲಸವೇ ಹೌದು, ಆದರೆ ಈ ತಿರುಪು ಮಾಡುವ ಕೆಲಸವನ್ನು ಯಾವ ಸಾಫ್ಟ್‌ವೇರೂ ಮಾಡಲಾರದು.

ಕಂಪ್ಯೂಟರಿಗೆ

ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ (ಹೊರಗಿನ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ತೂತು), ಎರಡೂ ಕಡೆ 3.5 ಮಿಲಿಮೀಟರ್ ಪಿನ್ ಇರುವ ತಂತಿ ಸಾಕು. ಲ್ಯಾಪ್‌ಟಾಪಿನಲ್ಲಿ ಲೈನ್-ಇನ್ ಇಲ್ಲದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ. ಮೊಬೈಲನ್ನು ಸ್ಪೀಕರಿನ ಮುಂದಿಟ್ಟು ಮುದ್ರಿಸುವ ಅಡ್ಡದಾರಿ ಬೇಡ. ಅಡುಗೆಮನೆಯ ಕುಕ್ಕರಿನ ಸೀಟಿಯೂ ಕರ್ಣಾರ್ಜುನರ ಸಂವಾದದೊಳಗೆ ಸೇರಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ‘ಗುಂಯ್’ ಎನ್ನುವ ಸದ್ದು ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಹಲವು ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ.

ಮುದ್ರಣಕ್ಕೆ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು. ಚೆಂಡೆಯ ಪೆಟ್ಟು ಜೋರಾಗಿರುವ ಕಡೆ ಮಾಪಕ ಮೈನಸ್ 6 ಡೆಸಿಬಲ್ ಆಸುಪಾಸಿನಲ್ಲಿರುವಂತೆ ಧ್ವನಿ ಹೊಂದಿಸಿ. ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸಲಾಗದು. ಮನೆಯಲ್ಲಿ ಒಂದೇ ಮೈಕಿನಲ್ಲಿ ಮುದ್ರಿಸಿದ್ದಾದರೆ ಮೊನೊ (ಒಂದೇ ಧ್ವನಿಪಥ) ಆಯ್ದುಕೊಳ್ಳಿ. 44.1 ಕಿಲೊಹರ್ಟ್ಸ್, 16 ಬಿಟ್‌ನ, ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಕಡತ ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ, ಅಂದರೆ 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು 475 ಎಂಬಿ. ಬಂಧುಗಳಿಗೆ ಕಳುಹಿಸಲು ಎಂಪಿ3 ಬೇರೆಯಾಗಿ ಮಾಡಿಕೊಳ್ಳಿ, ವೇವ್ ಕಡತವನ್ನು ಅಳಿಸಬೇಡಿ.

ಗದ್ದಲ ತೆಗೆಯುವ ಸೌಲಭ್ಯದ ವಿಷಯದಲ್ಲಿ ಒಂದು ಎಚ್ಚರಿಕೆ. ಯಾವುದು ಗದ್ದಲವೆಂದು ತೋರಿಸಲು ಟೇಪಿನ ಒಂದು ತುಣುಕನ್ನು ಸಾಫ್ಟ್‌ವೇರಿಗೆ ಮಾದರಿಯಾಗಿ ಕೊಡಬೇಕು. ಮಾತಿನ ನಡುವಿನ ಬಿಡುವನ್ನು ನಾನು ಮಾದರಿಯಾಗಿ ಕೊಟ್ಟಿದ್ದೆ. ಅಲ್ಲಿ ಶ್ರುತಿಪೆಟ್ಟಿಗೆ ನುಡಿಯುತ್ತಿತ್ತು. ಒಂದೇ ಸಮನೆ ನುಡಿಯುವ ಶ್ರುತಿಯನ್ನೂ ಗದ್ದಲವೆಂದು ಬಗೆದ ಸಾಫ್ಟ್‌ವೇರ್ ಇಡೀ ಪ್ರಸಂಗದಿಂದ ಅದನ್ನು ಅಳಿಸಿ, ಭಾಗವತರನ್ನು ನೀರಿನೊಳಗೆ ನಿಂತು ಹಾಡುವವರಂತೆ ಮಾಡಿತು. ಶ್ರುತಿ ಆರಂಭವಾಗುವ ಮೊದಲಿನ ಬರಿಯ ‘ಸುಯ್’ ಸದ್ದಿನ ಒಂದೆರಡು ಸೆಕೆಂಡನ್ನಷ್ಟೇ ಮಾದರಿಯಾಗಿ ಕೊಡಬೇಕು, ಅದೂ ಮೂಲ ಕಡತದ ನಕಲಿನ ಮೇಲೆ ಮಾತ್ರ.

ಕಡತಕ್ಕೆ ಹೆಸರಿಡುವಾಗ ಪ್ರಸಂಗ, ಊರು, ಇಸವಿ, ಕ್ಯಾಸೆಟ್ಟಿನ ಕ್ರಮಾಂಕ ಮತ್ತು ಎ ಅಥವಾ ಬಿ ಬದಿ ಇಷ್ಟನ್ನೂ ಸೇರಿಸಿ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇರಿಸಿ. ಯಾವ ಪಾತ್ರಕ್ಕೆ ಯಾರು ಅರ್ಥ ಹೇಳಿದ್ದಾರೆ ಎಂಬುದು ಅನೇಕ ಚೀಟಿಗಳ ಮೇಲೆ ಇರುವುದಿಲ್ಲ; ಅದನ್ನು ಧ್ವನಿ ಕೇಳಿಯೇ ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಹತ್ತು ನಿಮಿಷ ಕೇಳಿಸಿ, ಹೇಳಿದ ಹೆಸರುಗಳನ್ನು ಆಗಲೇ ಬರೆದುಕೊಳ್ಳಿ.