ಪಾಪ್ರಿಕಾ ಹಾಕೋ ಮುಂಚೆ ಒಲೆ ಆಫ್ ಮಾಡಿ: ಮನೇಲಿ ಗುಯಾಶ್ ಮಾಡಿದ ನನ್ನ ಅನುಭವ

ನಾನು ದಾವಣಗೆರೆಯವನು, ಬುಡಾಪೆಸ್ಟ್‌ಗೆ ಬಂದು ಇದು ನಾಲ್ಕನೇ ಚಳಿಗಾಲ. ಯೂಟ್ಯೂಬಲ್ಲಿ ಗೌಲಾಶ್ ಗೌಲಾಶ್ ಅಂತಾರಲ್ಲ, ಅದನ್ನ ಇಲ್ಲಿಯವರು ಕರೆಯೋದು ಗುಯಾಶ್ ಅಂತ. ಗುಯಾ ಅಂದ್ರೆ ದನದ ಹಿಂಡು, ಗುಯಾಶ್ ಅಂದ್ರೆ ದನ ಕಾಯೋನು, ಸೂಪಿಗೆ ಲೆವೆಶ್ ಅಂತಾರೆ, ಎರಡೂ ಸೇರಿ ಗುಯಾಶ್‌ಲೆವೆಶ್. ಹಂಗೇರಿಯ ದೊಡ್ಡ ಬಯಲುಸೀಮೆಯಲ್ಲಿ ದನ ಕಾಯೋರು ಬಯಲಲ್ಲೇ ಬೆಂಕಿ ಹಾಕಿ, ಮೂರು ಕಾಲಿನ ಕೋಲಿಗೆ ಕಬ್ಬಿಣದ ಪಾತ್ರೆ ನೇತು ಹಾಕಿ ಬೇಯಿಸ್ತಿದ್ದ ಊಟ ಇದು, ಆ ಪಾತ್ರೆಗೆ ಬೊಗ್ರಾಚ್ ಅಂತಾರೆ.

ಮೊದಲೇ ಒಂದು ಮಾತು, ಗುಯಾಶ್ ಅಂದ್ರೆ ಗಟ್ಟಿ ಗ್ರೇವಿ ಅಲ್ಲ, ಚಮಚದಲ್ಲಿ ಕುಡಿಯೋ ಸೂಪು. ಗಟ್ಟಿಯಾಗಿರೋದು ಪೊರ್ಕೊಲ್ತ್, ಅದಕ್ಕೆ ಹುಳಿ ಕ್ರೀಮ್ ಹಾಕಿದ್ರೆ ಪಾಪ್ರಿಕಾಶ್. ಬೇರೆ ದೇಶದ ಹೋಟೆಲುಗಳಲ್ಲಿ ಮೈದಾ ಹಾಕಿ ಗಟ್ಟಿ ಮಾಡಿ ಇದೇ ಗುಯಾಶ್ ಅಂತ ಕೊಡ್ತಾರೆ, ಅದನ್ನ ತಿಂದು ಇಷ್ಟೇನಾ ಅಂದುಕೊಂಡವರು ದಯವಿಟ್ಟು ಇನ್ನೊಂದು ಸಲ ನೋಡಿ.

ನನ್ನ ಮೊದಲನೇ ಸಲ ಪೂರ್ತಿ ಕೆಟ್ಟುಹೋಯ್ತು. ಫೋವಾಮ್ ಚೌಕದ ದೊಡ್ಡ ಮಾರ್ಕೆಟ್ ಇದೆಯಲ್ಲ, 1897ರಲ್ಲಿ ಕಟ್ಟಿದ್ದು, ಅಲ್ಲಿ ಹೋಗಿ ಒಂದು ಕೇಜಿ ಬೀಫ್, ಒಳ್ಳೆ ಪಾಪ್ರಿಕಾ ಪುಡಿ (ಇಲ್ಲಿಯ ಕೆಂಪು ಮೆಣಸಿನಕಾಯಿ ಪುಡಿ) ಎಲ್ಲಾ ತಂದೆ. ಮನೇಲಿ ಖಾರದ ಪುಡಿ ಹಾಕಿ ಹುರಿಯೋ ಹಾಗೇನೇ ಚೆನ್ನಾಗಿ ಕಾದ ಎಣ್ಣೆಗೆ ಮೂರು ಚಮಚ ಪಾಪ್ರಿಕಾ ಸುರಿದೆ. ನಾಲ್ಕೈದು ಸೆಕೆಂಡ್ ಅಷ್ಟೇ, ಕೆಂಪಗಿದ್ದದ್ದು ಕಂದು ಆಯ್ತು, ಹೊಗೆ ಬಂತು, ಆಮೇಲೆ ಎಷ್ಟು ನೀರು ಹಾಕಿದ್ರೂ ಟೊಮೇಟೊ ಹಾಕಿದ್ರೂ ಕಹಿ ಹೋಗಲೇ ಇಲ್ಲ. ಒಂದು ಕೇಜಿ ಮಾಂಸ ಚೆಲ್ಲಿದಾಗ ತುಂಬಾ ಬೇಜಾರಾಯ್ತು.

ಪಕ್ಕದ ಮನೇಲಿ ಎಪ್ಪತ್ತು ದಾಟಿದ ಒಬ್ರು ಅಜ್ಜಿ ಇದ್ದಾರೆ. ಇಲ್ಲಿ ವಯಸ್ಸಾದ ಹೆಂಗಸರನ್ನ ಹೆಸರಿನ ಜೊತೆ ನೇನಿ ಅಂತ ಸೇರಿಸಿ ಕರೀತಾರೆ, ನಾವು ಅತ್ತೆ, ಅಜ್ಜಿ ಅನ್ನೋ ಹಾಗೆ, ನಾನೂ ನೇನಿ ಅಂತಲೇ ಕರೆಯೋದು. ಸುಟ್ಟ ವಾಸನೆ ಮೆಟ್ಟಿಲವರೆಗೂ ಹೋಗಿತ್ತೇನೋ, ಬಂದು ಬಾಗಿಲು ತಟ್ಟಿದ್ರು, ಪಾತ್ರೆ ನೋಡಿದ್ರು, ಮುಂದಿನ ಶನಿವಾರ ತಾವೇ ಬಂದು ನಮ್ಮ ಅಡುಗೆಮನೇಲಿ ನಿಂತು ಕಲಿಸಿಕೊಟ್ರು. ನನ್ನ ಹಂಗೇರಿಯನ್ ಅಷ್ಟಕ್ಕಷ್ಟೇ, ಆದರೆ ಅವತ್ತು ಅವರು ಬಾರಿಬಾರಿಗೆ ಹೇಳಿದ್ದು ಒಂದೇ ಪದ, ಲಷ್ಷನ್, ಅಂದ್ರೆ ನಿಧಾನ.

ಈರುಳ್ಳಿಯಿಂದಾನೇ ನಿಧಾನ ಶುರು. ಒಂದು ಕೇಜಿ ಮಾಂಸಕ್ಕೆ ಅರ್ಧ ಕೇಜಿ ಈರುಳ್ಳಿ, ಹೌದು ಅಷ್ಟೂ ಬೇಕು, ಸೂಪಿಗೆ ಮೈ ಕೊಡೋದು ಅದೇ, ಮೈದಾ ಬೇಡ ಅನ್ನೋದಕ್ಕೆ ಕಾರಣಾನೂ ಅದೇ. ಸಣ್ಣಗೆ ಹೆಚ್ಚಿ, ಮೂರು ಚಮಚ ಹಂದಿ ಕೊಬ್ಬಲ್ಲಿ ಸ್ವಲ್ಪ ಉಪ್ಪು ಹಾಕಿ ಸಣ್ಣ ಉರೀಲಿ ಮುಚ್ಚಿಡಬೇಕು. ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿಯುತ್ತೆ. ನಮ್ಮ ಹಾಗೆ ಕಂದು ಬಣ್ಣ ಬರೋ ತನಕ ಹುರಿಯೋದಲ್ಲ, ಗಾಜಿನ ಹಾಗೆ ಆಚೆ ಈಚೆ ಕಾಣೋ ಥರ ಆಗಿ ಸೌಟಲ್ಲಿ ಒತ್ತಿದ್ರೆ ಕರಗಿ ಹೋಗಬೇಕು. ಹಂದಿ ಕೊಬ್ಬು ಬೇಡ ಅನ್ನೋರು ಸೂರ್ಯಕಾಂತಿ ಎಣ್ಣೆ ಹಾಕಿ, ರುಚಿ ಸ್ವಲ್ಪ ಕಮ್ಮಿ ಆಗುತ್ತೆ, ಕೆಡೋದಿಲ್ಲ.

ಈಗ ಬರುತ್ತೆ ಮುಖ್ಯವಾದ ಹೆಜ್ಜೆ. ಒಲೆ ಆಫ್ ಮಾಡಿ. ಉರಿ ಸಣ್ಣ ಮಾಡೋದಲ್ಲ, ಆಫ್, ಪಾತ್ರೆ ಪಕ್ಕಕ್ಕೆ ಇಳಿಸಿಬಿಡಿ. ಸದ್ದು ನಿಂತ ಮೇಲೆ ಮೂರು ದೊಡ್ಡ ಚಮಚ ಸಿಹಿ ಪಾಪ್ರಿಕಾ ಹಾಕಿ ನಾಲ್ಕು ಸಲ ತಿರುವಿ ತಕ್ಷಣ ಮಾಂಸ ಹಾಕಬೇಕು, ಜೊತೆಗೆ ಒಂದೆರಡು ಚಮಚ ನೀರು, ಆಮೇಲೆ ಮತ್ತೆ ಒಲೆ ಹಚ್ಚೋದು. ಪಾಪ್ರಿಕಾದಲ್ಲಿ ಸಕ್ಕರೆ ಅಂಶ ಇರುತ್ತೆ, ಜಾಸ್ತಿ ಕಾವು ತಗುಲಿದ್ರೆ ಸುಟ್ಟು ಕಹಿ ಆಗುತ್ತೆ. ಹಾಗಂತ ಬರೀ ನೀರಿಗೆ ಹಾಕಿದ್ರೂ ಆಗಲ್ಲ, ಬಣ್ಣ ಬಿಡೋದು ಕೊಬ್ಬಲ್ಲಿ. ಬಿಸಿ ಕೊಬ್ಬು ಬೇಕು, ಕಾದ ಕೊಬ್ಬು ಬೇಡ. ನೇನಿ ಮಾಡಿದಾಗ ನೋಡ್ತಾ ನಿಂತಿದ್ದೆ, ಈರುಳ್ಳಿ ಅಂಚಿಂದ ಕೆಂಪು ಎಣ್ಣೆ ಮೆಲ್ಲಗೆ ಒಸರಿ ಬಂತು, ಸಿಹಿ ಘಮ ಎದ್ದಿತು, ಹೊಗೆಯಾಡಿದ ವಾಸನೆ ಒಂಚೂರೂ ಇಲ್ಲ.

ಪಾಪ್ರಿಕಾ ವಿಷಯಕ್ಕೆ ಬಂದ್ರೆ ಸೆಗೆಡ್, ಕಲೋಚಾ ಅಂತ ಎರಡು ಊರಿಂದು ಇಲ್ಲಿ ಹೆಸರುವಾಸಿ, ನಮಗೆ ಬ್ಯಾಡಗಿ ಇದ್ದ ಹಾಗೆ. ಪ್ಯಾಕೆಟ್ ಮೇಲೆ ಎದೆಶ್ನೆಮೆಶ್ ಅಂತ ಇದ್ರೆ ಸಿಹಿ, ಅದೇ ತಗೊಳ್ಳಿ, ಎರೋಶ್ ಅಂತ ಇದ್ರೆ ಖಾರ. ಸೆಗೆಡ್‌ನ ಯೂನಿವರ್ಸಿಟೀಲಿ ಇದ್ದ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಅನ್ನೋ ವಿಜ್ಞಾನಿ ಇದೇ ಪಾಪ್ರಿಕಾ ಮೆಣಸಿನಕಾಯಿಂದ ವಿಟಮಿನ್ ಸಿ ರಾಶಿಗಟ್ಟಲೆ ತೆಗೆದ್ರು, 1937ರಲ್ಲಿ ನೊಬೆಲ್ ಬಂತು. ಹೋದ ವರ್ಷ ರಜೆಗೆ ಊರಿಗೆ ಹೋದಾಗ ಬ್ಯಾಡಗಿ ಪುಡೀಲಿ ಮಾಡಿ ನೋಡಿದೆ. ಬಣ್ಣ ಭರ್ಜರಿ ಬಂತು, ಅದರಲ್ಲಿ ಎರಡು ಮಾತಿಲ್ಲ, ಆದರೆ ಪಾಪ್ರಿಕಾದ ಆ ಸಿಹಿ ಬರಲಿಲ್ಲ, ಮೂರು ಚಮಚ ಹಾಕಿದ್ದಕ್ಕೆ ಖಾರಾನೂ ಜಾಸ್ತಿ ಆಯ್ತು. ಬ್ಯಾಡಗಿಯಲ್ಲೇ ಮಾಡೋದಾದ್ರೆ ಬೀಜ ತೆಗೆದು ಪುಡಿ ಮಾಡಿ, ಒಂದೂವರೆ ಚಮಚ ಸಾಕು.

ಮಾಂಸ ಯಾವುದು ಅಂದ್ರೆ ಮೊಣಕಾಲಿನ ಕೆಳಗಿನ ಭಾಗ, ಇಲ್ಲಿ ಲಾಬ್‌ಸಾರ್ ಅಂತಾರೆ. ಮಧ್ಯೆ ಮಧ್ಯೆ ಬಿಳಿ ನರ ಇರುತ್ತೆ, ಅದನ್ನ ನೋಡಿ ಬೇಡ ಅನ್ನಬೇಡಿ, ಎರಡು ಗಂಟೆ ಬೆಂದಾಗ ಅದೇ ಕರಗಿ ಸೂಪು ತುಟಿಗೆ ಅಂಟೋ ಹಾಗೆ ಆಗುತ್ತೆ. ಎರಡು ಸೆಂಟಿಮೀಟರ್ ತುಂಡು ಸಾಕು. ಬೀಫ್ ತಿನ್ನದೇ ಇರೋರು ಮಟನ್ ಹಾಕಬಹುದು, ಇಲ್ಲೂ ಕುರಿ ಮಾಂಸದ ಅಡುಗೆ ಇದೆ, ಕರ್ತ್ಸಗ್ ಅನ್ನೋ ಊರಿನ ಕುರಿ ಪೊರ್ಕೊಲ್ತ್‌ಗೆ ದೊಡ್ಡ ಹೆಸರು. ಮಾಂಸಾನೇ ಬೇಡ ಅಂದ್ರೆ ಹಮಿಶ್ ಗುಯಾಶ್ ಅಂತ ಬರೀ ತರಕಾರಿದೂ ಮಾಡ್ತಾರೆ, ಹಮಿಶ್ ಅಂದ್ರೆ ಸುಳ್ಳು.

ಮಾಂಸದ ಮೇಲ್ಗಡೆ ಬಣ್ಣ ತಿರುಗಿದ ಮೇಲೆ ಉಪ್ಪು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಟೀಚಮಚ ಕ್ಯಾರವೇ, ಅದು ನೋಡೋಕೆ ಜೀರಿಗೆ ಥರಾನೇ ಇರೋ ಬೇರೆ ಮಸಾಲೆ ಬೀಜ. ಇದರಲ್ಲಿ ಹುಷಾರು. ಇಲ್ಲಿ ಅಂಗಡೀಲಿ ಕೋಮೇನ್ ಅನ್ನೋ ಪದ ಮೂರು ಪ್ಯಾಕೆಟ್ ಮೇಲೆ ಇರುತ್ತೆ. ಫೂಸೆರ್‌ಕೋಮೇನ್ ಅಂದ್ರೆ ಕ್ಯಾರವೇ, ನಮಗೆ ಬೇಕಾಗಿರೋದು. ಎದೆಶ್‌ಕೋಮೇನ್ ಅಂದ್ರೆ ಸೋಂಪು, ರೋಮಾಯಿ ಕೋಮೇನ್ ಅಂದ್ರೆ ನಮ್ಮ ಜೀರಿಗೆ. ನಾನು ಎರಡನೇ ಸಲ ಜೀರಿಗೆ ಹಾಕಿಬಿಟ್ಟಿದ್ದೆ, ತಿನ್ನೋಕೆ ಚೆನ್ನಾಗೇ ಇತ್ತು, ಆದರೆ ಅದು ನಮ್ಮ ಮನೆ ಸಾರಿನ ವಾಸನೆ, ಗುಯಾಶ್ ಅಲ್ಲ. ಇದೇ ಕಾರಣಕ್ಕೆ ಶುಂಠಿ ಬೆಳ್ಳುಳ್ಳಿ ಪೇಸ್ಟು, ಗರಂ ಮಸಾಲ, ಕೊತ್ತಂಬರಿ ಸೊಪ್ಪು ಇವೆಲ್ಲ ಒಂದು ಸಲ ಬಿಟ್ಟು ಮಾಡಿ ನೋಡಿ ಅಂತೀನಿ, ಕೈ ಡಬ್ಬಿ ಕಡೆ ಹೋಗೇ ಹೋಗುತ್ತೆ, ತಡೀರಿ.

ಇನ್ನು ಸ್ವಲ್ಪ ಸ್ವಲ್ಪಾನೇ ನೀರು ಹಾಕ್ತಾ ಮುಚ್ಚಿ ಬೇಯಿಸೋದು. ಎಲ್ಲಾ ನೀರು ಒಟ್ಟಿಗೆ ಸುರಿದ್ರೆ ಬರೀ ಬೆಂದ ಮಾಂಸ ಆಗುತ್ತೆ, ತನ್ನದೇ ರಸದಲ್ಲಿ ಬೆಂದ್ರೆ ರುಚಿ ಒಳಗೆ ಇಳಿಯುತ್ತೆ. ಒಂದೂವರೆ ಗಂಟೆ ಆದ್ಮೇಲೆ ಮಾಂಸ ಮುಕ್ಕಾಲು ಬೆಂದಿರುತ್ತೆ. ಆಗ ಒಂದು ಟೊಮೇಟೊ, ಇಲ್ಲಿಯ ಹಳದಿ ಮೆಣಸಿನಕಾಯಿ ಒಂದು (ಅಲ್ಲಿ ಕ್ಯಾಪ್ಸಿಕಂ ನಡೆಯುತ್ತೆ), ಎರಡು ಕ್ಯಾರೆಟ್, ಪಾರ್ಸ್ಲಿ ಗಡ್ಡೆ ಒಂದು, ಎರಡು ಲೀಟರ್ ಬಿಸಿನೀರು. ಹತ್ತು ನಿಮಿಷ ಬಿಟ್ಟು ಅರ್ಧ ಕೇಜಿ ಆಲೂಗಡ್ಡೆ. ಟೈಮಿಲ್ಲದವರು ಮಾಂಸಾನ ಕುಕ್ಕರಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿಕೊಳ್ಳಿ, ಇಲ್ಲಿಯವರೂ ಕುಕ್ಕರ್ ಇಡ್ತಾರೆ, ಅದಕ್ಕೆ ಕುಕ್ತಾ ಅಂತಾರೆ, ತರಕಾರಿ ಮಾತ್ರ ಆಮೇಲೆ ಹಾಕಿ.

ಕೊನೇಲಿ ಚಿಪೆಟ್ಕೆ, ನನಗೆ ಎಲ್ಲಕ್ಕಿಂತ ಇಷ್ಟ ಇದು. ಒಂದು ಮೊಟ್ಟೆ, ಅದು ಹಿಡಿದಷ್ಟು ಮೈದಾ, ಸುಮಾರು ನೂರು ಗ್ರಾಮ್, ಚಿಟಿಕೆ ಉಪ್ಪು, ನೀರು ಬೇಡವೇ ಬೇಡ. ಪೂರಿ ಹಿಟ್ಟಿಗಿಂತ ಗಟ್ಟಿ ಕಲಸಿ, ಚಪಾತಿ ಥರ ತೆಳ್ಳಗೆ ತಟ್ಟಿಕೊಂಡು, ಬೆರಳಲ್ಲಿ ಉಗುರಗಲ ಚಿವುಟಿ ಚಿವುಟಿ ಕುದಿಯೋ ಸೂಪಿಗೆ ಹಾಕೋದು. ಚಿಪೆಟ್ಕೆ ಅನ್ನೋ ಹೆಸರೇ ಚಿವುಟೋದರಿಂದ ಬಂದಿದ್ದು. ಎಂಟು ನಿಮಿಷದಲ್ಲಿ ಮೇಲೆ ತೇಲಿ ಬರುತ್ತೆ. ನೇನಿ ಒಂದು ಕೈಯಲ್ಲಿ ಹಿಟ್ಟು ಹಿಡಿದು ಇನ್ನೊಂದರಲ್ಲಿ ಎಷ್ಟು ಬೇಗ ಚಿವುಟ್ತಾರೆ ಅಂದ್ರೆ ನಾನು ಐದು ಹಾಕೋದ್ರೊಳಗೆ ಅವರದ್ದು ಇಪ್ಪತ್ತು ಬಿದ್ದಿರುತ್ತೆ, ಒಂದೂ ದಪ್ಪ ಇರಲ್ಲ.

ಖಾರ ಪಾತ್ರೆಗೆ ಹಾಕಲ್ಲ, ಟೇಬಲ್ ಮೇಲೆ ಬೇರೆ ಇಡ್ತಾರೆ, ಹಸಿ ಮೆಣಸಿನಕಾಯಿ ಹೆಚ್ಚಿದ್ದು ಇಲ್ಲಾ ಎರೋಶ್ ಪಿಷ್ತಾ ಅನ್ನೋ ಖಾರದ ಪೇಸ್ಟು, ಬೇಕಾದಷ್ಟು ಹಾಕ್ಕೊಳ್ಳೋದು. ಜೊತೆಗೆ ದಪ್ಪ ಬಿಳಿ ಬ್ರೆಡ್ಡು. ಮಾರನೇ ದಿನ ಬಿಸಿ ಮಾಡಿದ್ರೆ ಇನ್ನೂ ರುಚಿ, ಆದರೆ ಚಿಪೆಟ್ಕೆ ರಾತ್ರಿಯೆಲ್ಲಾ ನೀರು ಕುಡಿದು ಊದಿಕೊಳ್ಳುತ್ತೆ, ಅದಕ್ಕೆ ನಾಳೆಗೆ ಬೇಕಾದ ಸೂಪು ಮೊದಲೇ ತೆಗೆದಿಟ್ಟು ಉಳಿದಿದ್ದಕ್ಕೆ ಮಾತ್ರ ಚಿವುಟಿ ಹಾಕ್ತೀನಿ. ಹೋದ ಭಾನುವಾರ ಮಾಡಿದಾಗ ಒಂದು ಬಟ್ಟಲು ನೇನಿಗೆ ಕೊಟ್ಟು ಬಂದೆ, ಸಂಜೆ ಬಟ್ಟಲು ತೊಳೆದು ವಾಪಸ್ ಕೊಡುವಾಗ ಒಳಗೆ ಒಂದು ಕಟ್ಟು ಪಾರ್ಸ್ಲಿ ಗಡ್ಡೆ ಇಟ್ಟಿದ್ರು, ಮುಂದಿನ ಸಲ ಎರಡು ಹಾಕು ಅಂದ್ರು.