ಸೌದಿಗೆ ಹೊರಟಿದ್ದೀರಾ? ಹಳಬರ ಮಾತಿಗೆ ಇಸವಿ ಕೇಳಿ

ಹೋದ ತಿಂಗಳು ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ದಮ್ಮಾಮಿನಲ್ಲಿ ಕೆಲಸ ಸಿಕ್ಕಿದೆಯಂತೆ. "ಅಕ್ಕಾ, ಅಲ್ಲಿ ಪಾಸ್‌ಪೋರ್ಟ್ ಕಂಪನಿಯವರೇ ಇಟ್ಕೊಳ್ತಾರಂತೆ, ಸಿನಿಮಾ ಇಲ್ವಂತೆ, ಹೆಂಗಸರು ಕಾರು ಮುಟ್ಟೋ ಹಾಗಿಲ್ವಂತೆ, ಹೌದಾ?" ಅಂದ. ಯಾರು ಹೇಳಿದ್ದು ಅಂತ ಕೇಳಿದೆ. ಅವನ ಸೋದರಮಾವ. 2009ರಲ್ಲಿ ಊರಿಗೆ ವಾಪಸ್ ಬಂದವರು.

ಮಾವ ಸುಳ್ಳು ಹೇಳಿಲ್ಲ. ಅವರು ಕಂಡ ಸೌದಿ ಹಾಗೇ ಇತ್ತು. ಆದರೆ ಇಲ್ಲಿ ಕಾನೂನು ನಮ್ಮಲ್ಲಿ ಹಾಗೆ ಚರ್ಚೆಯಾಗಿ, ಗಲಾಟೆಯಾಗಿ, ಕೋರ್ಟಿಗೆ ಹೋಗಿ ಬದಲಾಗುವುದಿಲ್ಲ. ಒಂದು ರಾತ್ರಿ ರಾಜಾಜ್ಞೆ ಬರುತ್ತದೆ, ಅದು ಹೇಳಿದ ತಾರೀಖಿನಿಂದ ನಿಯಮವೇ ಬೇರೆ. ಹಾಗಾಗಿ ಸೌದಿ ಬಗ್ಗೆ ಯಾರು ಏನೇ ಹೇಳಲಿ, ಮೊದಲು ಕೇಳಬೇಕಾದದ್ದು ಒಂದೇ: ನೀವು ಅಲ್ಲಿದ್ದದ್ದು ಯಾವಾಗ?

ನಾನು ದಮ್ಮಾಮಿನ ಪಕ್ಕದ ಅಲ್ ಖೋಬರ್‌ಗೆ ಬಂದದ್ದು 2011ರಲ್ಲಿ, ಯಜಮಾನರ ವೀಸಾದ ಮೇಲೆ. ಆಗ ದಿನ ನಡೆಯುತ್ತಿದ್ದದ್ದು ಗಡಿಯಾರದಿಂದಲ್ಲ, ನಮಾಜಿನಿಂದ. ಆಜಾನ್ ಕೇಳಿದರೆ ಅಂಗಡಿ ಶಟರ್ ಎಳೆಯುತ್ತಿದ್ದರು. ಅರ್ಧ ಗಂಟೆ ಎಲ್ಲ ಬಂದ್. ಒಮ್ಮೆ ಹಾಲು, ಮೊಸರು, ಐಸ್‌ಕ್ರೀಮ್ ಎಲ್ಲ ಗಾಡಿಗೆ ತುಂಬಿ ಕೌಂಟರಿಗೆ ಬಂದೆ. ಮುಂದೆ ಇದ್ದದ್ದು ಇಬ್ಬರೇ. ಕ್ಯಾಶಿಯರ್ ಎದ್ದು "ಸಲಾ, ಸಲಾ" ಅಂದ, ದೀಪ ಆರಿಸಿದ. ಅರ್ಧ ಕತ್ತಲಲ್ಲಿ, ಬೀಗ ಹಾಕಿದ ಸೂಪರ್ ಮಾರ್ಕೆಟ್ಟಿನ ಒಳಗೆ, ಅಕ್ಕಿ ಮೂಟೆಗಳ ಮೇಲೆ ಕೂತು ಐಸ್‌ಕ್ರೀಮ್ ಕರಗುವುದನ್ನು ನೋಡಿದ್ದೇನೆ. ಪಕ್ಕದಲ್ಲಿ ಕೂತಿದ್ದ ಫಿಲಿಪ್ಪೀನ್ಸ್ ನರ್ಸ್ ಕೊನೆಗೆ ಡಬ್ಬಿ ತೆಗೆದು, "ತಿಂದೇ ಬಿಡೋಣ" ಅಂದಳು. ಇಬ್ಬರೂ ತಿಂದೆವು. ಖಾಲಿ ಡಬ್ಬಿಗೇ ಬಿಲ್ ಕೊಟ್ಟೆ.

2021ರ ಜುಲೈಯಿಂದ ನಮಾಜಿನ ಹೊತ್ತಲ್ಲೂ ಅಂಗಡಿ ತೆರೆದಿಡಬಹುದು. ದೊಡ್ಡ ಅಂಗಡಿಗಳು ತೆರೆದೇ ಇರುತ್ತವೆ. ಮೂಲೆಯ ಬಕಾಲಾದವನು, ಅಂದರೆ ದಿನಸಿ ಅಂಗಡಿಯವನು, ಈಗಲೂ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಹೋಗಬಹುದು. ಅದು ಅವನ ಇಷ್ಟ. ಶುಕ್ರವಾರ ಬೆಳಗ್ಗೆ ಮಾತ್ರ ಹಳೇ ಮಾತೇ ನಿಜ: ಜುಮಾ ಮುಗಿಯುವ ತನಕ ಊರು ಮಲಗಿರುತ್ತದೆ. ರಜೆ ಶುಕ್ರವಾರ ಮತ್ತು ಶನಿವಾರ. 2013ರ ತನಕ ಅದು ಗುರುವಾರ, ಶುಕ್ರವಾರ ಇತ್ತು. ಮಾವನ ಲೆಕ್ಕದಲ್ಲಿ ಇನ್ನೂ ಅದೇ ಇದೆ!

ಇನ್ನು ಮುಖ್ಯ ವಿಷಯ, ಕಾಗದಪತ್ರ.

ಊರಲ್ಲೇ ಶುರು ಮಾಡೋಣ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕು, ಎಂದು ಇರುತ್ತದೆ. ಅಂಥವರು ಸೌದಿಗೆ ಕೆಲಸಕ್ಕೆ ಬರಲು ಭಾರತ ಸರ್ಕಾರದ ವಲಸೆ ಜಾಲತಾಣ ಇ-ಮೈಗ್ರೇಟ್‌ನಲ್ಲಿ ಅನುಮತಿ ಪಡೆಯಬೇಕು. ಏಜೆಂಟ್ ಅಲ್ಲಿ ನೋಂದಾಯಿಸಿದವನೇ ಅಂತ ನೀವೇ ಹುಡುಕಿ ನೋಡಿ. ಅವನು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ, ಒಂದೂವರೆ ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

"ಫ್ರೀ ವೀಸಾ" ಅನ್ನುವ ಮಾತು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಯಾರೋ ಒಬ್ಬ ಸೌದಿಯ ಹೆಸರಲ್ಲಿ ವೀಸಾ, ಕೆಲಸ ಹೊರಗೆ ಎಲ್ಲಿ ಬೇಕಾದರೂ, ತಿಂಗಳಿಗೆ ಅವನಿಗಿಷ್ಟು. ಕಾನೂನಿನಲ್ಲಿ ಇಂಥ ವೀಸಾ ಎಂಬುದೇ ಇಲ್ಲ. ನಿಮ್ಮ ಇಲ್ಲಿನ ಗುರುತಿನ ಚೀಟಿ ಇಕಾಮಾದಲ್ಲಿ ಯಾರ ಹೆಸರಿದೆಯೋ ಅವರ ಹತ್ತಿರವೇ ಕೆಲಸ ಮಾಡಬೇಕು. ಹೊರಗೆ ಸಿಕ್ಕಿಬಿದ್ದರೆ ದಂಡ, ಜೈಲು, ಗಡಿಪಾರು. ಆ ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಸೌದಿಗೆ, ಕೋಪ ಬಂದರೆ "ಇವನು ಓಡಿಹೋಗಿದ್ದಾನೆ" ಅಂತ ಒಂದು ದೂರು ಕೊಡುತ್ತಾನೆ, ಇಲ್ಲಿಯವರು ಅದಕ್ಕೆ ಹುರೂಬ್ ಅನ್ನುತ್ತಾರೆ. ನಿಮ್ಮ ಕಾಗದಕ್ಕೆ ಆಮೇಲೆ ಬೆಲೆಯಿಲ್ಲ. ಇದರಲ್ಲಿ ಮಾತ್ರ ಮಾವನ ಕಾಲಕ್ಕೂ ಈಗಕ್ಕೂ ವ್ಯತ್ಯಾಸ ಅಂದರೆ, ಈಗ ಹಿಡಿಯುವುದು ಇನ್ನೂ ಸುಲಭ. ಎಲ್ಲ ಕಂಪ್ಯೂಟರಲ್ಲಿದೆ.

ಇಕಾಮಾ ಅಂದರೆ ಇಲ್ಲಿ ವಾಸಿಸುವ ಗುರುತಿನ ಚೀಟಿ. ಹತ್ತು ಅಂಕೆ, ನಮ್ಮಂಥವರದ್ದು 2ರಿಂದ ಶುರು, ಸೌದಿಗಳದ್ದು 1ರಿಂದ. ಮನೆ ಬಾಡಿಗೆ, ಸಿಮ್, ಬ್ಯಾಂಕು, ಆಸ್ಪತ್ರೆ, ಎಲ್ಲದಕ್ಕೂ ಈ ಸಂಖ್ಯೆ. ಇದು ಕೈಗೆ ಬಂದ ಕೂಡಲೇ ನಿಮ್ಮ ಹೆಸರಲ್ಲೇ ಸಿಮ್ ತೆಗೆದುಕೊಂಡು, ಇಲ್ಲಿನ ಸರ್ಕಾರದ ಅಬ್ಶರ್ ಆ್ಯಪ್ ಹಾಕಿಕೊಳ್ಳಿ. ಗೆಳೆಯನ ಸಿಮ್ಮಿನಲ್ಲಿ ಸುಮ್ನೆ ಕಾಲ ತಳ್ಳಬೇಡಿ, ಒಟಿಪಿ ಅವನಿಗೆ ಹೋಗುತ್ತದೆ. ಇಕಾಮಾ ಯಾವಾಗ ಮುಗಿಯುತ್ತದೆ, ದಂಡ ಇದೆಯಾ, ಕಂಪನಿ ನಿಮ್ಮನ್ನು ಏನೆಂದು ತೋರಿಸಿದೆ, ಎಲ್ಲ ಅಲ್ಲಿ ಕಾಣುತ್ತದೆ. ಮೊದಲೆಲ್ಲ ಇದನ್ನು ತಿಳಿಯಲು ಕಂಪನಿಯ ಮಂದೂಬ್‌ನ ಹಿಂದೆ ಅಲೆಯಬೇಕಿತ್ತು. ಜವಾಜಾತ್ ಎಂಬ ಪಾಸ್‌ಪೋರ್ಟ್ ಕಚೇರಿಯ ಕೆಲಸ ಮಾಡಿಸಿಕೊಡುವ ಆ ಮನುಷ್ಯ ಒಂದು ಕಾಲಕ್ಕೆ ಮ್ಯಾನೇಜರಿಗಿಂತ ದೊಡ್ಡವನು.

ಅಬ್ಶರ್ ಬಿಟ್ಟರೆ ತಿಳಿದಿರಬೇಕಾದ ಎರಡನೆಯ ಹೆಸರು ಕಿವಾ, ಕಾರ್ಮಿಕ ಸಚಿವಾಲಯದ ಜಾಲತಾಣ. ನಿಮ್ಮ ಕೆಲಸದ ಕರಾರು ಅಲ್ಲಿ ದಾಖಲಾಗಬೇಕು, ನೀವೇ ಒಳಗೆ ಹೋಗಿ ಒಪ್ಪಬೇಕು. ಒಪ್ಪುವ ಮುಂಚೆ ಓದಿ. ಊರಲ್ಲಿ ಸಹಿ ಹಾಕಿದ ಸಂಬಳವೂ ಅಲ್ಲಿ ಬರೆದ ಸಂಬಳವೂ ಒಂದೇನಾ? ಮೂಲ ವೇತನ ಎಷ್ಟು, ಮನೆ ಭತ್ಯೆ ಎಷ್ಟು? ನನ್ನ ಪರಿಚಯದ ಒಬ್ಬರು ಓದದೆ ಒತ್ತಿದರು. ಮೂಲ ವೇತನ ಮಾತಾಡಿದ್ದರ ಅರ್ಧ ಇತ್ತು. ಗೊತ್ತಾದದ್ದು ಕೆಲಸ ಬಿಡುವ ವರ್ಷ.

2021ರ ಮಾರ್ಚ್ 14ರಂದು ಬಂದ ಸುಧಾರಣೆ ಮಾವನ ಕಾಲದವರಿಗೆ ನಂಬಲು ಕಷ್ಟ. ಕಂಪನಿಯ ಅಪ್ಪಣೆ ಇಲ್ಲದೆ ಊರಿಗೆ ಹೋಗಿ ಬರುವ ವೀಸಾವನ್ನು ನೌಕರನೇ ಅಬ್ಶರ್‌ನಲ್ಲಿ ಕೇಳಬಹುದು. ಇಲ್ಲಿಗೆ ಬಂದು ಒಂದು ವರ್ಷ ತುಂಬಿದ ಮೇಲೆ, ನೋಟಿಸ್ ಕೊಟ್ಟು ಬೇರೆ ಕಂಪನಿಗೆ ಹೋಗಬಹುದು. ಬಂದು ಮೂರು ತಿಂಗಳಾದರೂ ಕರಾರು ದಾಖಲಾಗದಿದ್ದರೆ, ಸತತ ಮೂರು ತಿಂಗಳು ಸಂಬಳ ಬಾರದಿದ್ದರೆ, ಇಕಾಮಾ ಮುಗಿದೇ ಹೋಗಿದ್ದರೆ, ಇವುಗಳಲ್ಲಿ ಒಂದಿದ್ದರೂ ವರ್ಷ ಕಾಯಬೇಕಾಗಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಕಂಪನಿಗಿಲ್ಲ. ಇಕಾಮಾ ಮತ್ತು ಕೆಲಸದ ಪರವಾನಗಿಯ ಖರ್ಚು ಕಾರ್ಮಿಕ ಕಾನೂನಿನ 40ನೇ ವಿಧಿಯ ಪ್ರಕಾರ ಕಂಪನಿಯದ್ದೇ. ನಿಮ್ಮ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ.

ಆದರೆ ಒಂದು ದೊಡ್ಡ ಆದರೆ ಇದೆ. ಮನೆಗೆಲಸದವರು, ಮನೆಯ ಡ್ರೈವರ್, ಮನೆ ಕಾವಲುಗಾರ, ತೋಟದವನು, ಕುರಿ ಕಾಯುವವನು, ಇವರು ಆ 2021ರ ಸುಧಾರಣೆಯ ಒಳಗೆ ಬರಲಿಲ್ಲ. ಅವರಿಗೆ ನಿಯಮಗಳು ಬೇರೆ, ವೀಸಾ ಬರುವುದು ಮುಸಾನದ್ ಎನ್ನುವ ಬೇರೆ ದಾರಿಯಿಂದ. "ಕಂಪನಿ ಡ್ರೈವರ್" ಅಂತ ಹೇಳಿ "ಮನೆ ಡ್ರೈವರ್" ವೀಸಾ ಹೊಡೆದು ಕಳಿಸುವ ಏಜೆಂಟರು ಇದ್ದಾರೆ. ವೀಸಾದ ಅರಬ್ಬಿಯನ್ನು ಓದಬಲ್ಲವರಿಗೆ ತೋರಿಸಿ. ಈ ಒಂದು ಪದದ ಮೇಲೆ ನಿಮ್ಮ ಎರಡು ವರ್ಷ ನಿಂತಿದೆ.

ಕೆಲಸ ಬಿಡುವಾಗ ಕೊನೆಯಲ್ಲಿ ಸಿಗುವ ಹಣದ ಲೆಕ್ಕವನ್ನು ಮೊದಲ ದಿನವೇ ತಿಳಿದಿರಿ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. 4,000 ರಿಯಾಲ್ ಸಂಬಳ, ಎಂಟು ವರ್ಷದ ಕೆಲಸ ಅಂದುಕೊಳ್ಳಿ. ಐದು ವರ್ಷಕ್ಕೆ 10,000, ಉಳಿದ ಮೂರಕ್ಕೆ 12,000. ಒಟ್ಟು 22,000. ನೀವಾಗಿಯೇ ರಾಜೀನಾಮೆ ಕೊಟ್ಟರೆ ಇದರಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ. ಎರಡು ವರ್ಷ ತುಂಬುವ ಮುಂಚೆ ರಾಜೀನಾಮೆ ಕೊಟ್ಟರೆ ಏನೂ ಇಲ್ಲ. ಎರಡರಿಂದ ಐದರ ಒಳಗೆ ಮೂರನೇ ಒಂದು. ಹತ್ತು ದಾಟಿದರೆ ಪೂರ್ತಿ. ಒಂಬತ್ತೂವರೆ ವರ್ಷಕ್ಕೆ ಸಿಟ್ಟು ಬಂದರೆ ಇನ್ನಾರು ತಿಂಗಳು ತಡೆದುಕೊಳ್ಳಿ ಅಂತ ನಾವು ಹೇಳುವುದು ಇದಕ್ಕೇ.

ಬಿಸಿಲಲ್ಲಿ ಕೆಲಸ ಮಾಡುವವರಿಗೆ: ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12ರಿಂದ 3 ಗಂಟೆಗೆ ನೇರ ಬಿಸಿಲಲ್ಲಿ ದುಡಿಸುವಂತಿಲ್ಲ.

ಸಂಸಾರ ಕರೆತರುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಿ. 2017ರ ಜುಲೈಯಲ್ಲಿ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಅಂದರೆ ವರ್ಷಕ್ಕೆ 14,400. ನಮ್ಮ ದುಡ್ಡಲ್ಲಿ ಮೂರು ಲಕ್ಷದ ಮೇಲೆ, ಅದೂ ಇಕಾಮಾ ನವೀಕರಿಸುವಾಗ ಮುಂಗಡವಾಗಿ. ಕೆಲವು ಕಂಪನಿ ಕೊಡುತ್ತವೆ, ಹೆಚ್ಚಿನವು ಕೊಡುವುದಿಲ್ಲ. ಕೆಲಸ ಒಪ್ಪುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಆ ಎರಡು ಮೂರು ವರ್ಷ ನಮ್ಮ ಕಟ್ಟಡ ಖಾಲಿಯಾದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಎದುರು ಮನೆಯವರು, ಆಮೇಲೆ ಮೇಲಿನವರು. ಗಂಡಂದಿರು ಬ್ಯಾಚುಲರ್ ರೂಮಿಗೆ, ಹೆಂಗಸರು ಮಕ್ಕಳು ಊರಿಗೆ. ಲಿಫ್ಟಿನ ಬಳಿ ದಿನಾ ಒಂದು ಮಾರಾಟದ ಚೀಟಿ: ಸೋಫಾ, ಫ್ರಿಜ್, ಮಕ್ಕಳ ಸೈಕಲ್. ಮಾವಿನ ಉಪ್ಪಿನಕಾಯಿ ಜಾಡಿ ಯಾರೂ ಕೊಳ್ಳದೆ ನನಗೇ ಬಂತು.

ವ್ಯಾಟ್ 2018ರಲ್ಲಿ 5 ಶೇಕಡಾ ಇದ್ದದ್ದು 2020ರ ಜುಲೈಯಲ್ಲಿ 15 ಆಯಿತು. ಹಳಬರು ಹೇಳುವ ಉಳಿತಾಯದ ಲೆಕ್ಕವನ್ನು ಪೂರ್ತಿ ನಂಬಬೇಡಿ.

ಹೆಂಗಸರ ವಿಷಯಕ್ಕೆ ಬರೋಣ. 2011ರಲ್ಲಿ ಮೈಮುಚ್ಚುವ ನಿಲುವಂಗಿ ಅಬಾಯಾ ಇಲ್ಲದೆ ನಾನು ಬಾಗಿಲು ದಾಟಿದ್ದಿಲ್ಲ. ತಲೆ ಮುಚ್ಚು ಅಂತ ಮಾಲ್‌ನಲ್ಲಿ ಮುತವ್ವ ಕೂಗಿದ್ದೂ ಉಂಟು. ಆ ಧಾರ್ಮಿಕ ಪೊಲೀಸರಿಗೆ ಬಂಧಿಸುವ ಅಧಿಕಾರ 2016ರಲ್ಲಿ ಹೋಯಿತು. ಈಗ ಉದ್ದ ತೋಳಿನ ಕುರ್ತಾ, ಸಡಿಲ ಪ್ಯಾಂಟ್ ಸಾಕು. ತೋಳು, ಮೊಣಕಾಲು ಮುಚ್ಚಿರಬೇಕು, ಅದು ಗಂಡಸರಿಗೂ ಒಳ್ಳೆಯದು. ಹೋಟೆಲಿನಲ್ಲಿ "ಸಿಂಗಲ್ಸ್", "ಫ್ಯಾಮಿಲಿ" ಅಂತ ಎರಡು ಬಾಗಿಲು ಇರಬೇಕೆಂಬ ನಿಯಮ 2019ರ ಡಿಸೆಂಬರಿನಲ್ಲಿ ಹೋಯಿತು. ಸಿನಿಮಾ 2018ರ ಏಪ್ರಿಲ್‌ನಲ್ಲಿ ರಿಯಾದ್‌ನಿಂದ ಮತ್ತೆ ಶುರು. ಅದಕ್ಕೂ ಮುಂಚೆ ನಾವು ಸಿನಿಮಾ ನೋಡಲು ಇನ್ನೊಂದು ದೇಶಕ್ಕೆ ಹೋಗುತ್ತಿದ್ದೆವು! ಅಲ್ ಖೋಬರ್‌ನಿಂದ ಬಹ್ರೇನ್‌ಗೆ ಸಮುದ್ರದ ಮೇಲೆ 25 ಕಿಲೋಮೀಟರ್ ಸೇತುವೆ. ವಾರಾಂತ್ಯದಲ್ಲಿ ಅದರ ಮೇಲೆ ಮೂರು ಗಂಟೆ ಸಾಲು, ಎರಡೂವರೆ ಗಂಟೆ ಸಿನಿಮಾ.

ಹೆಂಗಸರಿಗೆ ಕಾರು ಓಡಿಸುವ ಅನುಮತಿ ಬಂದದ್ದು 2018ರ ಜೂನ್ 24. ನನ್ನ ಬಳಿ ಶಿವಮೊಗ್ಗದ ಲೈಸೆನ್ಸ್ ಇತ್ತು, ಆದರೂ ಸ್ಕೂಲಿಗೆ ಹೋಗಿ ಪರೀಕ್ಷೆ ಕೊಡಬೇಕಾಯಿತು. ಕಲಿಸಿದವಳು ಇಪ್ಪತ್ತೈದರ ಸೌದಿ ಹುಡುಗಿ. ಅವಳೇ ಲೈಸೆನ್ಸ್ ಪಡೆದು ಐದು ತಿಂಗಳಾಗಿತ್ತು. ನಾನು ಅಭ್ಯಾಸದಿಂದ ಎಡಕ್ಕೆ ತಿರುಗಿದಾಗಲೆಲ್ಲ "ಯಮೀನ್, ಯಮೀನ್!" ಅಂತ ಡ್ಯಾಶ್‌ಬೋರ್ಡ್ ಬಡಿಯುತ್ತಿದ್ದಳು. ಬಲಕ್ಕೆ, ಬಲಕ್ಕೆ. ಇವತ್ತು ಅದೇ ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಕೂರುವವರೂ ಸೌದಿ ಹೆಣ್ಣುಮಕ್ಕಳೇ. ಮೊದಲು ಅಲ್ಲಿ ಮಲಪ್ಪುರಂ ಹುಡುಗ ಇದ್ದ. ಸೌದಿಗಳಿಗೇ ಮೀಸಲಾದ ಕೆಲಸಗಳ ಪಟ್ಟಿ ಬೆಳೆಯುತ್ತಲೇ ಇದೆ. ನಿಮ್ಮ ಹುದ್ದೆ ಅದರಲ್ಲಿ ಇದೆಯಾ ಅಂತ ಬರುವ ಮುಂಚೆ ನೋಡಿಕೊಳ್ಳಿ.

ಹಾಗಂತ ಎಲ್ಲ ಸಲೀಸು ಅಂದುಕೊಳ್ಳಬೇಡಿ. ನಾನು ಕಾರು ಓಡಿಸುತ್ತೇನೆ, ಆದರೆ ಊರಿಗೆ ಹೋಗುವ ವೀಸಾ ಇವತ್ತಿಗೂ ಯಜಮಾನರ ಅಬ್ಶರ್‌ನಿಂದಲೇ ಆಗಬೇಕು. ಅವಲಂಬಿತ ವೀಸಾ ಅಂದರೆ ಅದು. ಅವರ ಇಕಾಮಾ ಮುಗಿದರೆ ನಮ್ಮದೂ ಮುಗಿಯಿತು.

ಬದಲಾಗದ್ದು ಇನ್ನೂ ಇದೆ. ನಮ್ಮಂಥ ಸಾಮಾನ್ಯರಿಗೆ ಮದ್ಯ ಇಲ್ಲ. ಪೂಜೆ ಮನೆಯ ಒಳಗೆ, ಸದ್ದಿಲ್ಲದೆ. ರಮದಾನಿನಲ್ಲಿ ಹಗಲು ಹೊರಗೆ ನೀರೂ ಕುಡಿಯಬೇಡಿ. ಅಪರಿಚಿತರ ಫೋಟೋ ತೆಗೆಯಬೇಡಿ, ದಂಡ ಇದೆ. ಸರ್ಕಾರ, ಧರ್ಮ, ರಾಜಮನೆತನದ ಬಗ್ಗೆ ವಾಟ್ಸಾಪ್ ಫಾರ್ವರ್ಡ್ ಸಹ ಬೇಡ. ಜೈಲಿಗೆ ಹೋದವರಿದ್ದಾರೆ. ಊರಿನ ನೆರೆ ಪರಿಹಾರಕ್ಕೋ, ದೇವಸ್ಥಾನ, ಮಸೀದಿಗೋ ಇಲ್ಲಿ ಚಂದಾ ಎತ್ತುವುದೂ ಅಪರಾಧ. ನಮ್ಮವರು ಒಳ್ಳೆಯ ಮನಸ್ಸಿನಿಂದ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಮತ್ತೆ, ಗಸಗಸೆ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಗಸಗಸೆ ಪೊಟ್ಟಣ ಇಲ್ಲಿ ಮಾದಕ ವಸ್ತು. ಮಸಾಲೆ ಪುಡಿಗೆ ಬೆರೆಸಿದ್ದರೂ ತರಬೇಡಿ. ಬ್ಯಾಗನ್ನು ನೀವೇ ತುಂಬಿ, ಬೇರೆಯವರ "ಒಂದು ಸಣ್ಣ ಪಾರ್ಸೆಲ್" ಒಪ್ಪಬೇಡಿ. ನಿದ್ದೆ ಮಾತ್ರೆ, ಜೋರು ನೋವಿನ ಮಾತ್ರೆ ಇದ್ದರೆ ವೈದ್ಯರ ಚೀಟಿ ಸಾಲದು, ಮುಂಚಿತ ಅನುಮತಿ ಬೇಕಾ ಎಂದು ಕೇಳಿಕೊಳ್ಳಿ.

ಅಂದ ಹಾಗೆ, ಇಲ್ಲಿ ಕನ್ನಡಿಗ ಅಂತ ಸಿಗುವವರಲ್ಲಿ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ನವಾಯತಿ ಆಡುವವರೇ ಜಾಸ್ತಿ. ಕನ್ನಡ ನಮ್ಮೆಲ್ಲರ ಪೇಟೆ ಭಾಷೆ. ದಮ್ಮಾಮಿನ ಸೀಕೋ ಎಂಬ ಪೇಟೆಯ ಕಡೆಗೆ ಹೋದರೆ ಮಲಯಾಳವೂ ತಾನಾಗಿ ಬರುತ್ತದೆ.

ಆಂಬುಲೆನ್ಸಿಗೆ 997, ನಮ್ಮ ಪೂರ್ವ ಪ್ರಾಂತ್ಯದಲ್ಲಿ ಬೇರೆ ತುರ್ತಿಗೆ 911. ಸಂಬಳದ ತಕರಾರಿಗೆ ಮೊದಲು ಕಾರ್ಮಿಕ ಸಚಿವಾಲಯದ ರಾಜಿ ವಿಭಾಗ, ಅಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಕೋರ್ಟು. ರಿಯಾದ್‌ನಲ್ಲಿ ರಾಯಭಾರ ಕಚೇರಿ, ಜಿದ್ದಾದಲ್ಲಿ ಕಾನ್ಸುಲೇಟ್.

ಟಿಕೆಟ್ ಮಾಡುವ ಮುಂಚೆ ಅಬ್ಶರ್ ತೆರೆದು ದಂಡ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ರಸ್ತೆಯಲ್ಲಿ ಸಾಹೆರ್ ಕ್ಯಾಮೆರಾಗಳಿವೆ, ಸೀಟ್ ಬೆಲ್ಟ್, ಫೋನ್ ಎಲ್ಲ ಅದಕ್ಕೆ ಕಾಣುತ್ತದೆ. ದಂಡ ಬಾಕಿ ಇದ್ದರೆ ಹೋಗಿ ಬರುವ ವೀಸಾ ಆಗುವುದಿಲ್ಲ. ಕೆಳಗಿನ ಮನೆಯವರು ತಂದೆಗೆ ಹುಷಾರಿಲ್ಲ ಅಂತ ರಾತ್ರಿ ಒಂದು ಗಂಟೆಗೆ ಹೊರಟಿದ್ದರು. ಆ್ಯಪ್ ಒಪ್ಪಲೇ ಇಲ್ಲ. ನೋಡಿದರೆ ಮೂರು ತಿಂಗಳ ಹಿಂದಿನ ಸೀಟ್ ಬೆಲ್ಟ್ ದಂಡ, 150 ರಿಯಾಲ್. ಅವರ ಕಾರ್ಡು ಆ ಹೊತ್ತಿಗೇ ಕೈಕೊಟ್ಟಿತು. ನನ್ನ ಖಾತೆಯಿಂದ ಕಟ್ಟಿದೆ, ಹತ್ತು ನಿಮಿಷಕ್ಕೆ ದಂಡ ಅಳಿಸಿತು, ಇನ್ನು ಐದು ನಿಮಿಷಕ್ಕೆ ವೀಸಾ ಬಂತು. ಅವರು ಮೆಟ್ಟಿಲ ಮೇಲೇ ಕೂತು ಚಪ್ಪಲಿ ಹಾಕಿಕೊಂಡು ಓಡಿದರು.