ನೆಗ್ರೆತ್: ತುಲೂಸ್ ಪಕ್ಕದ ಕಪ್ಪು ದ್ರಾಕ್ಷಿ ನನಗೆ ಪರಿಚಯವಾದ ಬಗೆ

ವಿಮಾನ ತಯಾರಿಸುವ ಏರ್‌ಬಸ್ ಇರುವ ಊರು ಅಂದಮೇಲೆ ಫ್ರಾನ್ಸಿನ ತುಲೂಸ್‌ನಲ್ಲಿ ಬೆಂಗಳೂರಿನಿಂದ ಬಂದ ಎಂಜಿನಿಯರ್‌ಗಳಿಗೆ ಕೊರತೆ ಇಲ್ಲ. ನಾನೂ ಅವರಲ್ಲೊಬ್ಬ. ಇಲ್ಲಿ ವೈನ್ ಬಗ್ಗೆ ಮಾತು ತೆಗೆದರೆ ನಮ್ಮವರೆಲ್ಲ ಬೋರ್ದೋ ಅಂತಾರೆ, ಇಲ್ಲಾಂದ್ರೆ ಮಾಲ್ಬೆಕ್ ಅಂತಾರೆ. ಊರು ದಾಟಿ ಉತ್ತರಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಸಿಗುವ ಫ್ರೊಂತೋನ್ ಬಗ್ಗೆ, ಅಲ್ಲಿ ಬೆಳೆಯುವ ನೆಗ್ರೆತ್ ದ್ರಾಕ್ಷಿ ಬಗ್ಗೆ ಹೇಳುವವರು ತೀರಾ ಕಡಿಮೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರದ ತಿಕೋಟಾ ಕಡೆಯ ದ್ರಾಕ್ಷಿ ಮನೆತನ. ವೈನ್ ದ್ರಾಕ್ಷಿ ಅಲ್ಲ, ಒಣದ್ರಾಕ್ಷಿ ಮಾಡುವ ಥಾಮ್ಸನ್ ತಳಿ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್‌ನಲ್ಲಿ ಇನ್ನೊಂದು, ಬೂದಿರೋಗ ಬಂದರೆ ಗಂಧಕ, ಇದನ್ನೆಲ್ಲ ನೋಡಿಕೊಂಡೇ ಬೆಳೆದವನು. ಅದಕ್ಕೇ ಇರಬೇಕು, ನನಗೆ ಬಾಟಲಿಗಿಂತ ಮೊದಲು ಬಳ್ಳಿ ನೋಡಬೇಕು ಅನ್ನಿಸಿತು. ಸೆಪ್ಟೆಂಬರ್‌ನಲ್ಲಿ ಕೊಯ್ಲಿಗೆ ಸ್ವಲ್ಪ ಮುಂಚೆ ಒಬ್ಬ ರೈತರನ್ನು ಕೇಳಿಕೊಂಡು ತೋಟಕ್ಕೆ ಹೋದೆ. ಇಲ್ಲಿ ಚಳಿಗಾಲದಲ್ಲಿ ಎಲೆ ಎಲ್ಲ ಉದುರಿ ಬಳ್ಳಿ ಮಲಗುತ್ತದೆ, ಆಗ ಒಂದೇ ಚಾಟ್ನಿ, ವರ್ಷಕ್ಕೆ ಒಂದೇ ಬೆಳೆ.

ನೆಗ್ರೆತ್ ಗೊಂಚಲು ಕೈಯಲ್ಲಿ ಹಿಡಿದರೆ ಮೊದಲು ಗೊತ್ತಾಗುವುದು ಅದರ ಬಿಗಿ. ಕಾಳುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ನಡುವೆ ಬೆರಳಿನ ಉಗುರೂ ತೂರುವುದಿಲ್ಲ. ಬಣ್ಣ ಕಡುಕಪ್ಪು, ಮೇಲೆ ಬೂದಿ ಬಳಿದ ಹಾಗೆ ತೆಳ್ಳಗೆ ಮೇಣ. ಇಂಥ ಗೊಂಚಲಿಗೆ ಮಳೆ ಬಂದರೆ ಏನಾಗುತ್ತೆ ಅಂತ ದ್ರಾಕ್ಷಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಒಂದು ಕಾಳು ಒಡೆಯುತ್ತದೆ, ರಸ ಪಕ್ಕದ ಕಾಳಿಗೆ ಇಳಿಯುತ್ತದೆ, ಬೂದು ಬಣ್ಣದ ಕೊಳೆ ಹತ್ತಿ ಇಡೀ ಗೊಂಚಲು ಹೋಗುತ್ತದೆ. ಬೂದಿರೋಗಕ್ಕೂ ಇದು ಬೇಗ ತುತ್ತಾಗುತ್ತದೆ. ಹಾಗಾಗಿ ತೇವ ಜಾಸ್ತಿ ಇರುವ ಕಡೆ ಇದನ್ನು ಬೆಳೆಸೋದು ಕಷ್ಟ. ತುಲೂಸ್ ಸುತ್ತಮುತ್ತ ಬೇಸಿಗೆ ಒಣ, ಬಿಸಿ. ಮೇಲಾಗಿ ಆಗ್ನೇಯದಿಂದ ಓತಾನ್ ಅನ್ನುವ ಗಾಳಿ ಬೀಸುತ್ತದೆ, ದಿನಗಟ್ಟಲೆ ಬೀಸಿ ಎಲೆ, ಕಾಳು ಎಲ್ಲ ಒಣಗಿಸಿಬಿಡುತ್ತದೆ. ಪೇಟೆಯಲ್ಲಿ ಆ ಗಾಳಿಗೆ ತಲೆನೋವು ಬರುತ್ತೆ ಅಂತ ಜನ ಬೇಸರಪಡುತ್ತಾರೆ, ತೋಟದವರು ಮಾತ್ರ ಅದನ್ನೇ ಕಾಯುತ್ತಾರೆ. ಈ ದ್ರಾಕ್ಷಿ ಇಷ್ಟು ಸಣ್ಣ ಜಾಗದಲ್ಲೇ ಉಳಿದಿರುವುದು ಯಾಕೆ ಅನ್ನುವುದಕ್ಕೆ ಆ ಗೊಂಚಲೇ ಅರ್ಧ ಉತ್ತರ ಕೊಟ್ಟಿತು.

ಮಣ್ಣೂ ಅಷ್ಟೇ. ಗರೋನ್ ಮತ್ತು ತಾರ್ನ್ ನದಿಗಳ ನಡುವಿನ ಮೆಟ್ಟಿಲು ಮೆಟ್ಟಿಲಾದ ಬಯಲು ಇದು. ಕೆಲವು ಕಡೆ ಬುಲ್ಬೆನ್ ಅನ್ನುವ ನುಣ್ಣನೆ ಸಪ್ಪೆ ಮಣ್ಣು, ಮಳೆ ಬಿದ್ದು ಒಣಗಿದರೆ ಹೆಪ್ಪುಗಟ್ಟುತ್ತದೆ. ಕೆಲವು ಕಡೆ ಕಬ್ಬಿಣದ ಅಂಶ ಇರುವ ಕೆಂಪು ಮಣ್ಣು, ಇನ್ನು ಕೆಲವು ಕಡೆ ಬರೀ ಗರಸು. ಯಾವುದೂ ಫಲವತ್ತಾದ ಮಣ್ಣಲ್ಲ. ನಮ್ಮ ಎರೆಭೂಮಿ ನೋಡಿದವನಿಗೆ ಇಲ್ಲಿ ಏನು ಬೆಳೆಯುತ್ತೆ ಅನ್ನಿಸುತ್ತದೆ. ಆದರೆ ವೈನ್ ದ್ರಾಕ್ಷಿಗೆ ಬಡ ಮಣ್ಣೇ ಒಳ್ಳೆಯದು, ಬಳ್ಳಿ ಸೊಕ್ಕುವುದಿಲ್ಲ.

ಇನ್ನು ಕುಡಿಯುವ ವಿಷಯ. ಫ್ರೊಂತೋನ್ ವೈನ್‌ಗೆ 1975ರಲ್ಲಿ ಫ್ರಾನ್ಸಿನ ಎಒಸಿ, ಅಂದರೆ ಬೆಳೆದ ಜಾಗದ ಹೆಸರಿಗೆ ಕೊಡುವ ಮಾನ್ಯತೆ, ಸಿಕ್ಕಿದೆ. ಅಲ್ಲಿನ ವೈನ್‌ಗಳಲ್ಲಿ ಮುಖ್ಯ ಪಾಲು ನೆಗ್ರೆತ್‌ದೇ, ಆದರೆ ಸಾಮಾನ್ಯವಾಗಿ ಜೊತೆಗೆ ಸಿರಾ, ಕ್ಯಾಬರ್ನೆ ಫ್ರಾಂಕ್, ಕ್ಯಾಬರ್ನೆ ಸೋವಿನ್ಯೋನ್, ಮಾಲ್ಬೆಕ್, ಗಾಮೆ ಇವುಗಳಲ್ಲಿ ಒಂದೆರಡು ಬೆರೆತಿರುತ್ತವೆ. ಬೆರಕೆ ಕುಡಿದು ಒಂದು ದ್ರಾಕ್ಷಿಯ ಗುಣ ತಿಳಿಯುವುದು ಕಷ್ಟ ಅಲ್ವಾ. ಅದಕ್ಕೆ ನಾನು ಫ್ರೊಂತೋನ್‌ನ ವೈನ್ ಮನೆಗೆ, ಅಂದರೆ ಶಾತೋ ಕಾಪ್‌ದೆವಿಲ್‌ಗೆ ಹೋಗಿ, ಬೇರೆ ಬೇರೆ ತೋಟದವರ ಬಾಟಲಿಗಳಲ್ಲಿ ಬರೀ ನೆಗ್ರೆತ್‌ನಿಂದ ಮಾಡಿದ್ದನ್ನೇ ಕೇಳಿ ತಂದೆ. ಜೊತೆಗೆ ಒಂದು ಬೆರಕೆ, ಒಂದು ರೋಸೆ (ಗುಲಾಬಿ ಬಣ್ಣದ ವೈನ್). ಪಕ್ಕದಲ್ಲಿಟ್ಟು ನೋಡಲು ಕಾಹೋರ್ ಅನ್ನುವ ಊರಿನ ಮಾಲ್ಬೆಕ್ ಒಂದು.

ಎಲ್ಲವನ್ನೂ ಒಂದೇ ಸಂಜೆ ಒಂದೇ ಥರದ ಗ್ಲಾಸಿಗೆ ಸ್ವಲ್ಪ ಸ್ವಲ್ಪ ಹಾಕಿಸಿದೆ. ಯಾವುದರಲ್ಲಿ ಏನಿದೆ ಅಂತ ನನಗೆ ತಿಳಿಯದ ಹಾಗೆ ಹೆಂಡತಿ ಅಡುಗೆಮನೆಯಲ್ಲೇ ಸುರಿದು ತಂದುಕೊಟ್ಟಳು. ರೋಸೆ ಬಿಟ್ಟರೆ ಬಣ್ಣ ನೋಡಿ ಹೇಳುವ ಹಾಗಿರಲಿಲ್ಲ, ನೆಗ್ರೆತ್ ಕೂಡ ಮಾಲ್ಬೆಕ್‌ನಷ್ಟೇ ಗಾಢ ನೇರಳೆ. ವ್ಯತ್ಯಾಸ ಬಾಯಿಗೆ ಬಂದಾಗ ಗೊತ್ತಾಗುತ್ತದೆ. ಮಾಲ್ಬೆಕ್ ಒಸಡು ಹಿಡಿಯುತ್ತದೆ, ಒಗರು ನಾಲಿಗೆ ಮೇಲೆ ಉಳಿಯುತ್ತದೆ. ನೆಗ್ರೆತ್ ಅಷ್ಟು ಕಪ್ಪಗಿದ್ದೂ ಮೆತ್ತಗೆ ಜಾರುತ್ತದೆ, ಹುಳಿಯೂ ಕಡಿಮೆ, ಒಗರೂ ಕಡಿಮೆ. ಕಣ್ಣು ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ, ನನ್ನನ್ನು ಹಿಡಿದಿಟ್ಟಿದ್ದು ಇದೇ.

ಪರಿಮಳದ್ದೇ ಬೇರೆ ಕಥೆ. ಎಲ್ಲರೂ ನೆಗ್ರೆತ್‌ನಲ್ಲಿ ವಯಲೆಟ್ ಹೂವಿನ ವಾಸನೆ ಇರುತ್ತೆ ಅನ್ನುತ್ತಾರೆ. ವಿಜಯಪುರದವನಿಗೆ ವಯಲೆಟ್ ಎಲ್ಲಿ ಗೊತ್ತು? ಪುಣ್ಯಕ್ಕೆ ತುಲೂಸ್ ವಯಲೆಟ್‌ಗೆ ಹೆಸರಾದ ಊರು. ಇಲ್ಲಿ ಆ ಹೂವನ್ನೇ ಸಕ್ಕರೆಯಲ್ಲಿ ಅದ್ದಿ ಒಣಗಿಸಿ ಡಬ್ಬಿಯಲ್ಲಿ ಮಾರುತ್ತಾರೆ. ಒಂದು ಡಬ್ಬಿ ತಂದು, ಒಂದು ಹೂವು ಬಾಯಿಗೆ ಹಾಕಿ, ಸಕ್ಕರೆ ಕರಗಿದ ಮೇಲೆ ಮೂಗಿನಿಂದ ನಿಧಾನ ಉಸಿರು ಬಿಟ್ಟೆ. ಪೌಡರ್ ವಾಸನೆಗೆ ಹತ್ತಿರದ, ಸ್ವಲ್ಪ ತಣ್ಣನೆಯ ಒಂದು ಘಮ. ಬಾಯಿ ತೊಳೆದುಕೊಂಡು ಗ್ಲಾಸ್ ಮೂಸಿದರೆ ಅದೇ ಘಮ ಅಲ್ಲಿತ್ತು. ಅದರ ಹಿಂದೆ ಜ್ಯೇಷ್ಠಮಧು, ಕಾಳುಮೆಣಸು, ಕೆಂಪು ಹಣ್ಣು. ಒಮ್ಮೆ ಮೂಗಿಗೆ ಗುರುತು ಸಿಕ್ಕಿದ ಮೇಲೆ ಬೆರಕೆ ಬಾಟಲಿಯಲ್ಲೂ ನೆಗ್ರೆತ್ ಎಲ್ಲಿದೆ ಅಂತ ಹುಡುಕಬಹುದು. ವೈನ್ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ, ಪುಸ್ತಕದಲ್ಲಿರುವ ಪರಿಮಳದ ಹೆಸರು ಬಾಯಿಪಾಠ ಮಾಡಬೇಡಿ, ಆ ವಸ್ತುವನ್ನೇ ಹುಡುಕಿ ತಂದು ಮೂಸಿ.

ಕೆಲವು ಬಾಟಲಿ ತೆಗೆದ ತಕ್ಷಣ ಮುಚ್ಚಿಕೊಂಡ ಹಾಗೆ ಇರುತ್ತವೆ, ಚರ್ಮದ ವಾಸನೆಯಂಥದ್ದು ಮುಂದೆ ಬರುತ್ತದೆ. ಜಗ್‌ಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಹೂವು ಮೇಲೆ ಬರುತ್ತದೆ. ಇನ್ನೊಂದು, ಇದನ್ನು ಸ್ವಲ್ಪ ತಣ್ಣಗೆ ಕುಡಿಯಬೇಕು, 14ರಿಂದ 16 ಡಿಗ್ರಿ. ಹುಳಿ ಕಡಿಮೆ ಇರುವ ವೈನ್ ಬೆಚ್ಚಗಾದರೆ ಸಪ್ಪೆಯಾಗುತ್ತದೆ.

ಈ ದ್ರಾಕ್ಷಿಯ ಹುಟ್ಟಿನ ಬಗ್ಗೆ ಇಲ್ಲಿ ಒಂದು ಕಥೆ ಎಲ್ಲರ ಬಾಯಲ್ಲೂ ಇದೆ. 12ನೇ ಶತಮಾನದಲ್ಲಿ ಸಂತ ಜಾನ್ ಪಂಗಡದ ಯೋಧ ಸನ್ಯಾಸಿಗಳು ಸೈಪ್ರಸ್‌ನಿಂದ ಈ ಬಳ್ಳಿ ತಂದರಂತೆ. ಆ ಪಂಗಡಕ್ಕೆ ಫ್ರೊಂತೋನ್‌ನಲ್ಲಿ ಜಮೀನು ಇದ್ದದ್ದು ನಿಜ. ಆದರೆ ದ್ರಾಕ್ಷಿ ತಳಿಗಳನ್ನು ಓದಿದವರು ಇದನ್ನು ಮಾಲ್ಬೆಕ್, ತನ್ನಾ ದ್ರಾಕ್ಷಿಗಳಿರುವ ನೈರುತ್ಯ ಫ್ರಾನ್ಸಿನ ಬಳಗಕ್ಕೇ ಸೇರಿಸುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಕಥೆ ಚೆನ್ನಾಗಿದೆ, ಆದರೆ ಇದೇ ಮಣ್ಣಲ್ಲಿ ಹುಟ್ಟಿ ಇಲ್ಲೇ ಉಳಿದ ಬಳ್ಳಿ ಅನ್ನುವುದು ಅದಕ್ಕಿಂತ ದೊಡ್ಡ ಮಾತು. 1956ರ ಫೆಬ್ರವರಿಯಲ್ಲಿ ಬಂದ ಕಡು ಚಳಿಗೆ ನೈರುತ್ಯ ಫ್ರಾನ್ಸಿನಲ್ಲಿ ತೋಟಗಳೇ ಸತ್ತುಹೋಗಿದ್ದವು. ಆಮೇಲೆ ಸುಲಭವಾದ ತಳಿ ಹಾಕಿಬಿಡಬಹುದಿತ್ತು, ಆದರೂ ಇವರು ಈ ಕಾಟದ ದ್ರಾಕ್ಷಿಯನ್ನು ಕೈಬಿಡಲಿಲ್ಲ. ಆ ರೈತರ ಮೇಲೆ ನನಗೆ ತುಂಬಾ ಗೌರವ ಇದೆ.

ಊಟದ ಜೊತೆ? ಇಲ್ಲಿಯವರು ತುಲೂಸ್ ಸಾಸೇಜ್, ಬಾತುಕೋಳಿ, ಬೀನ್ಸ್ ಕಾಳು ಮಾಂಸ ಹಾಕಿ ಬೇಯಿಸಿದ ಕಾಸುಲೆ ಜೊತೆ ಕುಡಿಯುತ್ತಾರೆ. ನಮ್ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಜೊತೆ ಕುಡಿದೆವು, ಭಾರಿ ಹೊಂದಿತು. ಕಾರಣ ಇದೆ. ಒಗರು ಜಾಸ್ತಿ ಇರುವ ವೈನ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಕ್ಯಾಬರ್ನೆ ಜೊತೆ ಕೆಂಪು ಚಟ್ನಿ ತಿಂದವರಿಗೆ ಗೊತ್ತು. ನೆಗ್ರೆತ್‌ನಲ್ಲಿ ಆ ಒಗರಿಲ್ಲ. ಬೇಸಿಗೆಯಲ್ಲಾದರೆ ಇದರ ರೋಸೆಯನ್ನೇ ತಣ್ಣಗೆ ಮಾಡಿ ಮಂಡಕ್ಕಿ ಜೊತೆ ಕುಡಿಯಿರಿ.

ಬಾಟಲಿ ಕೊಂಡು ವರ್ಷಗಟ್ಟಲೆ ಮುಚ್ಚಿಡಬೇಡಿ. ಬರೀ ನೆಗ್ರೆತ್‌ನದ್ದಾದರೆ ಎರಡು ಮೂರು ವರ್ಷದೊಳಗೆ ಕುಡಿದರೆ ಹೂವಿನ ಘಮ ಸಿಗುತ್ತದೆ, ಸಿರಾ ಅಥವಾ ಕ್ಯಾಬರ್ನೆ ಬೆರೆತದ್ದು ಇನ್ನೂ ಸ್ವಲ್ಪ ತಡೆಯುತ್ತದೆ. ಇಲ್ಲಿ ತೋಟದಲ್ಲೇ ಕೊಂಡರೆ ಬೆಲೆಯೂ ಹೆಚ್ಚಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದವರು ಸ್ಯಾನ್ ಬೆನಿಟೊ ಕೌಂಟಿಯ ನೆಗ್ರೆತ್ ಇದೆಯಾ ಅಂತ ಅಂಗಡಿಯಲ್ಲಿ ಕೇಳಿ ನೋಡಿ. ಹಿಂದೆ ಅಲ್ಲಿ ಇದನ್ನೇ ಪಿನೋ ಸೇಂಟ್ ಜಾರ್ಜ್ ಅಂತ ಮಾರುತ್ತಿದ್ದರು, ಪಿನೋ ನ್ವಾರ್ ಅನ್ನುವ ದ್ರಾಕ್ಷಿಗೂ ಇದಕ್ಕೂ ಸಂಬಂಧ ಇಲ್ಲ. ಸಿಕ್ಕರೆ ಫ್ರೊಂತೋನ್‌ನ ಬಾಟಲಿ ಪಕ್ಕ ಇಟ್ಟು ಕುಡಿದು ಹೇಗಿತ್ತು ಅಂತ ಹೇಳಿ, ನಾನಿನ್ನೂ ಅಲ್ಲಿನದನ್ನು ಕುಡಿದಿಲ್ಲ.